ಬಲೆ ನೆನಪಿದೆ, ಮೀನು ಮರೆತಿದೆ

ಸಂಪಾದಕರೇ, ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಇತಿಹಾಸ ಬರೆಯುವುದರ ಬಗ್ಗೆ ಬಂದ ಲೇಖನವನ್ನು ಮುಂಬಯಿಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಿ ಮುಗಿಸಿದೆ. ಇಂಗ್ಲಿಷ್ ಇತಿಹಾಸಕಾರ ಇ.ಎಚ್. ಕಾರ್ ಹೆಸರು ಹೇಳಿ, ಇತಿಹಾಸ ಅನ್ನೋದು ಬರೆಯುವವನ ಕೈಚಳಕ, ಅವರವರ ಇತಿಹಾಸ ಅವರವರಿಗೆ ಸರಿ ಅಂತ ಲೇಖಕರು ಷರಾ ಬರೆದುಬಿಟ್ಟಿದ್ದಾರೆ. ಕಾರ್ ಹಾಗೆ ಹೇಳಿಲ್ಲ. ಆದರೆ ಓದಿದವರಿಗೆ ಹಾಗನ್ನಿಸುವುದರಲ್ಲಿ ಅವರ ಪಾಲೂ ಇದೆ. ಅವರು ಮಾತಾಡಿ ಒಪ್ಪಿಸುವ ರೀತಿಯೇ ಅಂಥದ್ದು.

ಅವರ ‘ವಾಟ್ ಈಸ್ ಹಿಸ್ಟರಿ?’ ಪುಸ್ತಕದಲ್ಲಿರುವುದು 1961ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಕೊಟ್ಟ ಉಪನ್ಯಾಸಗಳು. ಮೊದಲು ಇಬ್ಬರು ಇತಿಹಾಸಕಾರರನ್ನು ಎದುರುಬದುರು ಕೂರಿಸುತ್ತಾರೆ. 1896ರ ಆಕ್ಟನ್, ಕೊನೆಯ ಮಾತು ಅನ್ನಿಸುವಂಥ ಇತಿಹಾಸವನ್ನು ಒಂದು ದಿನ ಬರೆಯಬಹುದು ಅನ್ನುವವರು. 1957ರ ಜಾರ್ಜ್ ಕ್ಲಾರ್ಕ್, ಅಂಥ ಆಸೆಯೇ ಇಲ್ಲದವರು. ಇವರಿಬ್ಬರ ನಡುವೆ ಕುರ್ಚಿ ಹಾಕಿಕೊಂಡವರು ಸುಮ್ನೆ ಕೂತರೂ ತೂಕದ ಮನುಷ್ಯರಾಗಿ ಕಾಣುತ್ತಾರೆ, ಅಲ್ವಾ? ಆಮೇಲೆ ನಗಿಸುತ್ತಾರೆ. ರೋಮಿನ ಸೇನಾನಿ ಸೀಸರ್ ರೂಬಿಕಾನ್ ಅನ್ನೋ ಸಣ್ಣ ಹೊಳೆ ದಾಟಿದ್ದು ಇತಿಹಾಸವಂತೆ, ಅದೇ ಹೊಳೆ ದಾಟಿದ ಲಕ್ಷಾಂತರ ಜನ ಯಾರಿಗೂ ಬೇಡವಂತೆ. ನಕ್ಕುಬಿಟ್ಟ ಮೇಲೆ ಜಗಳಕ್ಕೆ ನಿಲ್ಲುವುದು ಕಷ್ಟ.

ನನಗೆ ನಾಟಿದ್ದು ಸ್ಟ್ರೆಸೆಮನ್ ಕಥೆ. ಜರ್ಮನಿಯ ಈ ವಿದೇಶಾಂಗ ಮಂತ್ರಿ 1929ರಲ್ಲಿ ತೀರಿಕೊಂಡಾಗ 300 ಪೆಟ್ಟಿಗೆ ಕಾಗದಪತ್ರ ಉಳಿದಿತ್ತು. ಅವರ ಕಾರ್ಯದರ್ಶಿ ಅದರಲ್ಲಿ ಆರಿಸಿ ಮೂರು ಸಂಪುಟ ಮಾಡಿದರು, ಇಂಗ್ಲಿಷಿಗೆ ಬರುವಾಗ ಅದರಲ್ಲೂ ಮೂರನೇ ಒಂದು ಪಾಲಿಗೆ ಕತ್ತರಿ ಬಿತ್ತು. ಪಶ್ಚಿಮದ ದೇಶಗಳ ಜೊತೆಗಿನ ಯಶಸ್ಸು ಎದ್ದು ಕಂಡಿತು, ರಷ್ಯಾದ ಜೊತೆಗಿನ ವ್ಯವಹಾರ ಸವೆಯುತ್ತಾ ಹೋಯಿತು. ಇದನ್ನು ಓದುವಾಗ ನನಗೆ ಮುಂಬಯಿಯ ಫೋರ್ಟ್‌ನ ಒಂದು ಕನ್ನಡ ರಾತ್ರಿ ಶಾಲೆ ನೆನಪಾಯಿತು. ಅದರ ಸ್ಮರಣ ಸಂಚಿಕೆಗೆ ಬರೆಯಲು ಹೋದಾಗ ಸಿಕ್ಕಿದ್ದು ಕಮಿಟಿಯ ಮಿನಿಟ್ಸ್ ಪುಸ್ತಕ ಮಾತ್ರ. ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು ರಾತ್ರಿ ಪಾಠಕ್ಕೆ ಬರುತ್ತಿದ್ದ ಹುಡುಗರ ಹಾಜರಿ ಪುಸ್ತಕಗಳು ಯಾವಾಗಲೋ ರದ್ದಿಗೆ ಹೋಗಿದ್ದವು. ಹಾಗಾಗಿ ನನ್ನ ಲೇಖನದ ತುಂಬ ಅಧ್ಯಕ್ಷರೇ. ಕಾರ್ ಇಲ್ಲಿ ವಾದ ಮಾಡುವುದೇ ಇಲ್ಲ, ಪೆಟ್ಟಿಗೆ ತೆರೆದು ತೋರಿಸುತ್ತಾರೆ, ಅಷ್ಟಕ್ಕೇ ನಾವು ಒಪ್ಪಿರುತ್ತೇವೆ.

ಆದರೆ ಗಮನಿಸಿ, ಆ 300 ಪೆಟ್ಟಿಗೆ ನಿಜವಾಗಿ ಇದ್ದವು ಅಂತ ನಂಬಿದರೆ ಮಾತ್ರ ಈ ಕಥೆ ನಿಲ್ಲುತ್ತದೆ. ಏನು ಬಿಟ್ಟುಹೋಯಿತು ಅಂತ ಹೇಳಬೇಕಾದರೆ ಮೊದಲು ಏನಿತ್ತು ಅನ್ನೋದು ಗೊತ್ತಿರಬೇಕಲ್ಲ.

ಮೀನಿನ ಹೋಲಿಕೆಯೂ ಹಾಗೆಯೇ. ಸತ್ಯಸಂಗತಿಗಳು ಮೀನಂಗಡಿಯ ಕಟ್ಟೆಯ ಮೇಲೆ ಸಾಲಾಗಿ ಮಲಗಿಲ್ಲ, ಸಮುದ್ರದಲ್ಲಿ ಈಜಾಡುತ್ತಿವೆ, ಎಲ್ಲಿ ಬಲೆ ಬೀಸುತ್ತೀರಿ, ಎಂಥ ಬಲೆ ಅನ್ನೋದರ ಮೇಲೆ ಸಿಗುವುದು ನಿಂತಿದೆ ಅನ್ನುತ್ತಾರೆ ಕಾರ್. ಸೊಗಸಾದ ಮಾತು, ನಿಮ್ಮ ಲೇಖಕರೂ ಇದನ್ನೇ ಎತ್ತಿಕೊಂಡಿದ್ದಾರೆ. ಆದರೆ ಇಲ್ಲಿನ ಮೀನು ಬಂದರು ಸಾಸೂನ್ ಡಾಕ್‌ಗೆ ಬೆಳಗ್ಗೆ ಹೋಗಿ ನೋಡಿ. ಬಲೆ ಯಾರದ್ದೇ ಇರಲಿ, ಬಂಗುಡೆಯನ್ನು ಅಂಜಲ್ ಅಂತ ಮಾರಲು ಹೋದರೆ ಮೀನು ಮಾರುವ ಕೋಳಿ ಸಮುದಾಯದ ಹೆಂಗಸರು ಬಿಡುತ್ತಾರಾ? (ಮಂಗಳೂರಿನವನಾದ ನನ್ನ ತಲೆಗೆ ಹಾಗೆ ಕಟ್ಟಲಂತೂ ಸಾಧ್ಯವೇ ಇಲ್ಲ.) ಹೋಲಿಕೆಯಲ್ಲಿ ಮೀನು ಬಲೆಗಿಂತ ಮೊದಲೇ ಇದೆ, ಅದನ್ನು ಬಲೆ ಹುಟ್ಟಿಸಿದ್ದಲ್ಲ.

ಕಾರ್‌ಗೆ ಇದು ಗೊತ್ತಿತ್ತು. ಬೇರೆ ಬೇರೆ ಕಡೆಯಿಂದ ಬೆಟ್ಟ ಬೇರೆ ಬೇರೆ ಆಕಾರದಲ್ಲಿ ಕಂಡಿತು ಅಂದಮಾತ್ರಕ್ಕೆ ಬೆಟ್ಟಕ್ಕೆ ಆಕಾರವೇ ಇಲ್ಲ ಅನ್ನೋ ಹಾಗಿಲ್ಲ ಅಂತ ಅವರೇ ಹೇಳಿದ್ದಾರೆ. ತೊಂದರೆ ಏನೆಂದರೆ ಸೀಸರ್, ಪೆಟ್ಟಿಗೆ, ಮೀನು ಅಂತ ಮನಸ್ಸಿಗೆ ನಾಟುವ ಚಿತ್ರಗಳನ್ನು ಕೊಟ್ಟು, ಬ್ರೇಕ್ ಹಾಕುವ ಈ ಮಾತನ್ನು ಚುಟುಕಾಗಿ ಮುಗಿಸಿದ್ದಾರೆ. ಜನ ಮೀನನ್ನು ನೆನಪಿಟ್ಟುಕೊಂಡರು, ಬೆಟ್ಟವನ್ನು ಬಿಟ್ಟರು. ಅದು ಬರುವುದು ಅದೇ ಮೊದಲ ಉಪನ್ಯಾಸದ ಕೊನೆಯ ಕಡೆ, ನಿಮ್ಮ ಲೇಖಕರು ಇನ್ನು ನಾಲ್ಕು ಪುಟ ತಿರುಗಿಸಿದ್ದರೆ ಸಿಗುತ್ತಿತ್ತು.

– ಒಬ್ಬ ಓದುಗ, ಡೊಂಬಿವಲಿ ಪೂರ್ವ