ಇನ್ನು ಮುಂದೆ ಬಾಗಿಲು ಬಿಚ್ಚಿ ನೋಡದೆ ಸ್ಪೀಕರ್ ಕೊಡುವುದಿಲ್ಲ

ಪ್ರಿಯ ಗ್ರಾಹಕರೇ,

ನಮಸ್ಕಾರ. ಇಷ್ಟು ದಿನ ನೀವು ವ್ಯಾನಿನ ಮಾಡೆಲ್, ವರ್ಷ ಹೇಳಿದರೆ ಸಾಕಿತ್ತು. ನಾವು ಪಟ್ಟಿ ನೋಡಿ ನಾಲ್ಕು ಸ್ಪೀಕರಿನ ಡಬ್ಬ ಕೈಗಿಡುತ್ತಿದ್ದೆವು. ಇನ್ನು ಮೇಲೆ ಹಾಗಿಲ್ಲ. ಮುಂದಿನ ಬಾಗಿಲಿನ ಪ್ಯಾಡ್ ಬಿಚ್ಚಿ, ಹಳೇ ಸ್ಪೀಕರ್ ತೆಗೆದು, ಅಳತೆ ಮಾಡಿದ ಮೇಲೆಯೇ ಹೊಸದು ಕೊಡುತ್ತೇವೆ. ನಾಲ್ಕರ ಸೆಟ್ ಮಾರುವುದನ್ನೂ ನಿಲ್ಲಿಸಿದ್ದೇವೆ.

ಕಾರಣ ನಮ್ಮದೇ ಒಂದು ಎಡವಟ್ಟು. ಒಬ್ಬರ ವ್ಯಾನಿಗೆ ಆರೂವರೆ ಇಂಚಿನ ಜೋಡಿ ಹಾಕಿಕೊಟ್ಟೆವು. ಅಗಲ ಸರಿಯಾಗಿ ಕೂತಿತು, ಸ್ಕ್ರೂ ತೂತೂ ಹೊಂದಿತು, ಹಾಡು ಹಾಕಿ ಕೇಳಿಸಿ ಕಳಿಸಿದೆವು. ಮರುದಿನವೇ ವಾಪಸ್ ಬಂದರು. ಕಿಟಕಿ ಗಾಜು ಮುಕ್ಕಾಲು ಇಳಿದು ಟಕ್ ಅಂತ ನಿಲ್ಲುತ್ತಿತ್ತು. ಪ್ಯಾಡ್ ಬಿಚ್ಚಿ ನೋಡಿದರೆ, ಹೊಸ ಸ್ಪೀಕರಿನ ಮ್ಯಾಗ್ನೆಟ್ ಅಂಚಿನಲ್ಲಿ ಗಾಜು ಉಜ್ಜಿದ ಗೆರೆ. ನಾವು ಅಗಲ ನೋಡಿದ್ದೆವು, ಆಳ ನೋಡಿರಲಿಲ್ಲ. ಅದೂ ಗಾಜು ಪೂರ್ತಿ ಕೆಳಗಿಳಿಸಿ ನೋಡಬೇಕು. ಮೇಲಿದ್ದಾಗ ಬಾಗಿಲೊಳಗೆ ಬೇಕಾದಷ್ಟು ಜಾಗ ಕಾಣುತ್ತದೆ, ಇಳಿದ ಮೇಲೆ ಮಿಲಿಮೀಟರ್ ಲೆಕ್ಕ.

ಎರಡನೇ ಬದಲಾವಣೆ ವಾಟಿನದು. ಡಬ್ಬದ ಮೇಲೆ 300, 400 ವಾಟ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರಲ್ಲ, ಆ ಅಂಕಿಯನ್ನು ನಮ್ಮ ದರಪಟ್ಟಿಯಿಂದಲೇ ತೆಗೆದಿದ್ದೇವೆ. ಅದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ಸತತವಾಗಿ ತಡೆದುಕೊಳ್ಳುವ ಶಕ್ತಿಯ ಅಂಕಿ ಬೇರೆ, ಅದನ್ನು ಆರ್‌ಎಂಎಸ್ ಅನ್ನುತ್ತಾರೆ. ಅದಕ್ಕಿಂತ ಮುಖ್ಯ, ನಿಮ್ಮ ಸ್ಟೀರಿಯೊ ಎಷ್ಟು ಕೊಡುತ್ತದೆ ಅನ್ನುವುದು. ಸ್ಟೀರಿಯೊ ಮೇಲೆ 50×4, ಅಂದರೆ ನಾಲ್ಕು ಸ್ಪೀಕರಿಗೆ ತಲಾ 50 ವಾಟ್, ಅಂತ ಇದ್ದರೂ, ಎಂಜಿನ್ ಓಡುವಾಗ ಸಿಗುವುದು ಸುಮಾರು 14 ವೋಲ್ಟ್. ಆ ವೋಲ್ಟೇಜಿನಲ್ಲಿ 4 ಓಮ್ ಸ್ಪೀಕರಿಗೆ (ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ವಚ್ಛವಾದ 25 ವಾಟ್ ದಾಟುವುದು ಕಷ್ಟ. ಸಾಮಾನ್ಯವಾಗಿ ಸಿಗುವುದು 15ರಿಂದ 20. ಹಾಗಿರುವಾಗ 400 ವಾಟ್ ತಗೊಂಡು ಏನು ಮಾಡುತ್ತೀರಿ?

ಬೇರೆ ಆಂಪ್ಲಿಫೈಯರ್ ಹಾಕದ ವ್ಯಾನಿನಲ್ಲಿ ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ ಕೊಟ್ಟಷ್ಟು ಪವರಿಗೆ ಸ್ಪೀಕರ್ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದು, ಡೆಸಿಬೆಲ್ ಲೆಕ್ಕದಲ್ಲಿ. 90ರ ಸ್ಪೀಕರಿಗೂ 93ರ ಸ್ಪೀಕರಿಗೂ ಮೂರೇ ಡೆಸಿಬೆಲ್ ವ್ಯತ್ಯಾಸ. ಆದರೆ 93ರದ್ದು ಅರ್ಧದಷ್ಟು ವಾಟಿನಲ್ಲೇ ಅಷ್ಟೇ ಜೋರಾಗಿ ಕೇಳುತ್ತದೆ. ಇದರಲ್ಲೂ ಒಂದು ಚಾಲಾಕಿ ಇದೆ. ಕೆಲವರು 1 ವಾಟ್ ಕೊಟ್ಟು ಅಳೆಯುತ್ತಾರೆ, ಕೆಲವರು 2.83 ವೋಲ್ಟ್ ಕೊಟ್ಟು. 4 ಓಮಿಗೆ ಅದು 2 ವಾಟ್ ಆಗುತ್ತದೆ, ಅಂಕಿ ಸುಮ್ನೆ ಮೂರು ಏರುತ್ತದೆ. ನಮ್ಮ ಹೊಸ ಪಟ್ಟಿಯಲ್ಲಿ ಎಲ್ಲವನ್ನೂ 1 ವಾಟಿನ ಲೆಕ್ಕಕ್ಕೇ ತಂದು ಹಾಕಿದ್ದೇವೆ.

ಓಮ್ ಕೂಡ ಮೀಟರ್ ಹಿಡಿದೇ ನೋಡುತ್ತೇವೆ. ಕೆಲವು ವ್ಯಾನುಗಳಲ್ಲಿ ಕಂಪನಿಯವರೇ ಆಂಪ್ಲಿಫೈಯರ್ ಇಟ್ಟು 2 ಓಮ್ ಸ್ಪೀಕರ್ ಹಾಕಿರುತ್ತಾರೆ. ಅಲ್ಲಿ 4 ಓಮಿನದು ಹಾಕಿದರೆ ಹೆಚ್ಚುಕಮ್ಮಿ ಅರ್ಧ ಪವರ್ ಮಾತ್ರ ಹೋಗುತ್ತದೆ. ಹೊಸ ಸ್ಪೀಕರ್ ಹಾಕಿದ ಮೇಲೆ ಸದ್ದು ಕಮ್ಮಿಯಾಯಿತು ಅಂತ ಬೇಜಾರಾದವರಲ್ಲಿ ಕೆಲವರದ್ದು ಇದೇ ಕಥೆ. ಉಲ್ಟಾ ಮಾಡಿದರೆ, ಅಂದರೆ 4 ಓಮಿನ ಸ್ಟೀರಿಯೊಗೆ 2 ಓಮ್ ಜೋಡಿಸಿದರೆ, ಸ್ಟೀರಿಯೊ ವಿಪರೀತ ಬಿಸಿಯಾಗುತ್ತದೆ.

ನಾಲ್ಕರ ಸೆಟ್ ಯಾಕೆ ಬೇಡ ಅಂತೀರಾ? ಮೊದಲು ಮುಂದಿನ ಜೋಡಿ ಹಾಕಿ ಒಂದು ವಾರ ಕೇಳಿ. ತುಂಬಾ ಜನಕ್ಕೆ ಅಷ್ಟೇ ಸಾಕಾಗುತ್ತದೆ. ಹಿಂದಿನ ಸೀಟಿನ ಮಕ್ಕಳಿಗೆ ಕೇಳಿಸುವುದಿಲ್ಲ ಅನ್ನುವುದೇ ತಕರಾರಾದರೆ, ನಮ್ಮ ಹತ್ತಿರ ಬರುವ ಮೊದಲು ಸ್ಟೀರಿಯೊದ ಫೇಡರ್, ಅಂದರೆ ಮುಂದೆ ಹಿಂದೆ ಸದ್ದು ಹಂಚುವ ಸೆಟ್ಟಿಂಗ್, ನೋಡಿ. ಯಾರೋ ಒತ್ತಿ ಪೂರ್ತಿ ಮುಂದಕ್ಕೆ ಹೋಗಿರುತ್ತದೆ. ಅಂಥವರಿಗೆ ಸ್ಪೀಕರೇ ಬೇಡ ಅಲ್ವಾ. ಹಿಂದಿನದು ಕರಕರ ಅಂದರೆ ಮಾತ್ರ ಬಿಚ್ಚೋಣ. ಹಳೇ ಸ್ಪೀಕರಿನ ಅಂಚಿನ ಫೋಮ್ ಬೆರಳಿಟ್ಟರೆ ಪುಡಿಯಾಗುವಂತಿದ್ದರೆ ಆಗ ಅನುಮಾನವೇ ಇಲ್ಲ, ಬದಲಾಯಿಸಲೇಬೇಕು.

ಇದರಿಂದ ನಿಮಗೆ ತೊಂದರೆಯೂ ಇದೆ, ಮುಚ್ಚಿಡುವುದಿಲ್ಲ. ಎರಡು ಸಲ ಬರಬೇಕಾಗುತ್ತದೆ, ಒಮ್ಮೆ ಅಳತೆಗೆ, ಒಮ್ಮೆ ಫಿಟ್ಟಿಂಗಿಗೆ. ಅಳತೆಗೆ ಅರ್ಧ ಗಂಟೆ ಹಿಡಿಯಬಹುದು. ಪ್ಯಾಡಿನ ಕ್ಲಿಪ್ ಒಂದೆರಡು ಮುರಿಯುವುದುಂಟು, ಅದನ್ನು ನಾವೇ ಹಾಕಿಕೊಡುತ್ತೇವೆ. ಪ್ಯಾಡಿನ ಹಿಂದಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿ, ಮತ್ತೆ ಅಂಟಿಸಿಯೇ ಕಳಿಸುತ್ತೇವೆ. ಅದಿಲ್ಲದಿದ್ದರೆ ಬಾಗಿಲೊಳಗೆ ಇಳಿಯುವ ಮಳೆನೀರು ಕಾಲಡಿಯ ಮ್ಯಾಟಿಗೆ ಬರುತ್ತದೆ. ಕಂಪನಿಯ ವೈರ್ ಕತ್ತರಿಸುವುದೂ ಇಲ್ಲ, ಮಧ್ಯೆ ಅಡಾಪ್ಟರ್ ಸಾಕೆಟ್ ಹಾಕುತ್ತೇವೆ.

ಈ ಹಿಂದೆ ನಮ್ಮಲ್ಲಿ ಹಾಕಿಸಿಕೊಂಡವರು ಒಂದು ಪರೀಕ್ಷೆ ಮಾಡಿ. ಬ್ಯಾಲೆನ್ಸ್ ನಡುವೆ ಇಟ್ಟು ಹಾಡು ಹಾಕಿ. ಆಮೇಲೆ ಪೂರ್ತಿ ಎಡಕ್ಕೆ ತಿರುಗಿಸಿ. ಒಂದೇ ಬದಿ ಬಂದಾಗ ಬೇಸ್ ಜಾಸ್ತಿ ಕೇಳಿದರೆ, ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿರಬಹುದು. ಗಾಡಿ ತನ್ನಿ, ಸರಿಮಾಡಿ ಕೊಡುತ್ತೇವೆ. ಅದಕ್ಕೆ ದುಡ್ಡು ಬೇಡ. ಬರುವಾಗ ಎಲ್ಲ ಕಿಟಕಿಗಳನ್ನೂ ಒಮ್ಮೆ ಪೂರ್ತಿ ಇಳಿಸಿ ನೋಡಿಕೊಂಡು ಬನ್ನಿ.

ಇಂತಿ,
ಫಿಟ್ಟಿಂಗ್ ವಿಭಾಗದ ಎಲ್ಲರೂ