ಯೋಗ ಮಾಡಿಸಿದಿರಿ, ಸ್ಟೂಲು ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ನಾನು ಕಾಸರಗೋಡು ಪೇಟೆಯ ಒಂದು ಬಟ್ಟೆ ಅಂಗಡಿಯ ಸೀರೆ ಸೆಕ್ಷನ್‌ನಲ್ಲಿ ಸೇಲ್ಸ್ ಕೆಲಸ ಮಾಡುವವಳು. ಅಂಗಡಿಯ ಹೆಸರು ಬರೆಯುವುದಿಲ್ಲ. ನನ್ನ ಹೆಸರೂ ಹಾಕಬೇಡಿ. ಹಾಕಿದರೆ ಮರುದಿನ ನನ್ನ ಜಾಗ ಗೋಡೌನು.

ಈಗೀಗ ನಮ್ಮ ಅಂಗಡಿಗೂ ‘ವೆಲ್‌ನೆಸ್’ ಬಂದಿದೆ. ಜೂನ್ 21ಕ್ಕೆ ಶಟರ್ ಎತ್ತುವ ಮೊದಲೇ ಎಲ್ಲರನ್ನೂ ಕರೆಸಿ, ಸೀರೆ ಹರಡುವ ಬಿಳಿ ಹಾಸಿನ ಮೇಲೆ ಯೋಗ ಮಾಡಿಸಿದರು. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದರು. ಆಮೇಲೆ ಒಂದು ದಿನ ಬಿಪಿ, ಶುಗರ್ ಕ್ಯಾಂಪ್. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಅದಕ್ಕೆ ಬಂದ ಡಾಕ್ಟರಮ್ಮ ನನ್ನ ಕಾಲು ನೋಡಿದರು. ಮೊಣಕಾಲಿನ ಹಿಂದೆ ನರಗಳು ನೀಲಿಯಾಗಿ ಉಬ್ಬಿ ಸುತ್ತಿಕೊಂಡಿವೆ. ನಡೆಯುವಾಗ ಮೀನಖಂಡದ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳುತ್ತದಂತೆ. ನಿಂತಲ್ಲೇ ನಿಂತರೆ ತಳ್ಳುವವರಿಲ್ಲ, ರಕ್ತ ಕೆಳಗೇ ಉಳಿಯುತ್ತದೆ. “ಮಧ್ಯೆ ಮಧ್ಯೆ ಕೂತ್ಕೊಳ್ಳಿ, ಕಾಲು ಸ್ವಲ್ಪ ಎತ್ತರದಲ್ಲಿಡಿ” ಅಂದರು. ಪಕ್ಕದಲ್ಲಿದ್ದ ಮ್ಯಾನೇಜರು ಆಗ ಮೊಬೈಲ್ ನೋಡುತ್ತಿದ್ದರು.

ಅಂಗಡಿಯಲ್ಲಿ ಸ್ಟೂಲೇ ಇಲ್ಲ ಅಂತಲ್ಲ. ಕಾನೂನಿಗೆ ಬೇಕಲ್ಲ, ಅದಕ್ಕೆ ಇವೆ. ನಮ್ಮ ಸೆಕ್ಷನ್‌ಗೆ ಎರಡು ಪ್ಲಾಸ್ಟಿಕ್ ಸ್ಟೂಲು. ಒಂದರೊಳಗೊಂದು ಸೇರಿಸಿ ಟ್ರಯಲ್ ರೂಮಿನ ಹಿಂದೆ ಇಟ್ಟಿದ್ದಾರೆ. ಅದರ ಮೇಲೆ ಹ್ಯಾಂಗರ್ ತುಂಬಿದ ರಟ್ಟಿನ ಪೆಟ್ಟಿಗೆ. ಕೂತರೆ ಯಾರೂ ಬೈಯುವುದಿಲ್ಲ. ಕ್ಯಾಮೆರಾದಲ್ಲಿ ನೋಡಿ ಇಂಟರ್‌ಕಾಮ್‌ನಲ್ಲಿ “ಎಂತ, ಹುಷಾರಿಲ್ವಾ?” ಅಂತ ಕೇಳುತ್ತಾರೆ. ಎದ್ದು ನಿಲ್ಲಲು ಅಷ್ಟು ಸಾಕು.

ಮದುವೆ ಜವಳಿಗೆ ಒಂದು ಕುಟುಂಬ ಬಂದರೆ ಏಣಿ ಹತ್ತಬೇಕು, ಮೇಲಿನ ತಟ್ಟಿನ ಕಟ್ಟು ಇಳಿಸಬೇಕು, ಸೆರಗು ಬಿಚ್ಚಿ ಹೆಗಲ ಮೇಲೆ ಹಾಕಿ ತೋರಿಸಬೇಕು. ಅಜ್ಜಿಗೆ ತುಳುವಿನಲ್ಲಿ, ಸೊಸೆಗೆ ಮಲಯಾಳದಲ್ಲಿ, ಮಾವನಿಗೆ ಕನ್ನಡದಲ್ಲಿ ಹೇಳಬೇಕು. ಇದಕ್ಕೆ ನನ್ನ ತಕರಾರಿಲ್ಲ, ಇದು ನನಗೆ ಬರುವ ಕೆಲಸ, ಇಷ್ಟದ ಕೆಲಸ. ಅವರು ಹೋದ ಮೇಲೆ ಗುಡ್ಡೆಬಿದ್ದ ಸೀರೆಗಳನ್ನು ಮೊದಲಿನ ಗೆರೆಗೇ ಮಡಚಬೇಕು. ಇದನ್ನು ಕೂತು ಮಾಡಿದರೆ ಯಾರಿಗೇನು ನಷ್ಟ? ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳೇ ಇರುವುದಿಲ್ಲ. ಆಗಲೂ ನಾವು ಖಾಲಿ ಬಾಗಿಲು ನೋಡುತ್ತಾ ಸುಮ್ನೆ ನಿಂತಿರಬೇಕು. ನೀರು ಕುಡಿಯುವುದನ್ನೂ ಕಮ್ಮಿ ಮಾಡಿದ್ದೇವೆ. ಟಾಯ್ಲೆಟ್ ಇರುವುದು ಮೂರನೇ ಮಹಡಿಯಲ್ಲಿ, ಹೋಗಲು ಹೇಳಿ ಹೋಗಬೇಕು. ಉರಿಮೂತ್ರದ ಮಾತ್ರೆ ನಮ್ಮಲ್ಲಿ ಯಾರ ಬ್ಯಾಗಿನಲ್ಲಿ ಬೇಕಾದರೂ ಸಿಗುತ್ತದೆ.

ಕೇರಳದಲ್ಲಿ ಕೂರುವ ಹಕ್ಕು ಯಾರೋ ಧರ್ಮಕ್ಕೆ ಕೊಟ್ಟದ್ದಲ್ಲ. ಕೋಝಿಕ್ಕೋಡಿನ ಮಿಠಾಯಿ ತೆರು ಎಂಬ ಪೇಟೆಬೀದಿಯ ಅಂಗಡಿಗಳಲ್ಲಿ ಕೆಲಸಕ್ಕಿದ್ದ ಹೆಂಗಸರು ಮೊದಲು ಕೇಳಿದ್ದು ಟಾಯ್ಲೆಟ್. ಆಮೇಲೆ ಕೂರಲು ಜಾಗ. ಟೈಲರ್ ಆಗಿದ್ದ ವಿಜಿ ಅವರು ‘ಪೆಣ್‌ಕೂಟ್ಟ್’ ಎಂಬ ಹೆಂಗಸರ ಸಂಘಟನೆ ಕಟ್ಟಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಸರ್ಕಾರ 1960ರ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದಿತು: ಕೆಲಸದ ನಡುವೆ ಬಿಡುವು ಸಿಕ್ಕಾಗ ಕೂರಲು ಎಲ್ಲ ಕೆಲಸಗಾರರಿಗೂ ತಕ್ಕ ವ್ಯವಸ್ಥೆ ಇರಬೇಕು. 2021ರಲ್ಲಿ ತಮಿಳುನಾಡೂ ಇಂಥದೇ ಕಾನೂನು ಮಾಡಿತು. ಬೀಡಿ ಕೆಲಸಗಾರರಿಗಾಗಿ 1966ರಲ್ಲೇ ಬಂದ ಕಾಯ್ದೆಯಲ್ಲಿ, 50ಕ್ಕಿಂತ ಜಾಸ್ತಿ ಹೆಂಗಸರಿದ್ದಲ್ಲಿ ಅವರ ಮಕ್ಕಳನ್ನು ನೋಡಿಕೊಳ್ಳಲು ಕೋಣೆ ಬೇಕು ಅಂತ ಇತ್ತು. ಎಷ್ಟು ಕಡೆ ಕೊಟ್ಟರು ಎಂಬುದು ಬೇರೆ ಮಾತು. ಆದರೆ ಬರೆಯುವಾಗ ಮಗುವಿನ ನೆನಪಾದರೂ ಇತ್ತು. ನಮ್ಮ ಕಾಲಿನ ನೆನಪಾಗಲು ಮತ್ತೂ ಐವತ್ತು ವರ್ಷ ಬೇಕಾಯಿತು.

ಧಣಿಗಳು ಹೇಳುವ ಒಂದು ಮಾತು ಪೂರ್ತಿ ಸುಳ್ಳಲ್ಲ. “ಹುಡುಗಿಯರು ಕೂತಿದ್ದರೆ ಗಿರಾಕಿಗಳಿಗೆ ಸರಿ ಕಾಣುವುದಿಲ್ಲ” ಅನ್ನುತ್ತಾರೆ. ನಾನು ಕೂತಿರುವುದನ್ನು ನೋಡಿ ಆಚೆ ಕೌಂಟರಿಗೆ ಹೋದವರನ್ನು ಕಂಡಿದ್ದೇನೆ. ಈ ಪತ್ರ ಓದುವವರಲ್ಲೂ ಅಂಥವರು ಇರಬಹುದು. ಬ್ಯಾಂಕಿನಲ್ಲಿ ಕ್ಯಾಶಿಯರ್ ಕೂತೇ ದುಡ್ಡು ಎಣಿಸುತ್ತಾರೆ, ಅಲ್ಲಿ ಯಾರಿಗೂ ಅದು ಅಹಂಕಾರ ಅನ್ನಿಸುವುದಿಲ್ಲ, ಅಲ್ವಾ? ನೀವು ಬಂದರೆ ನಾವು ಏಳುತ್ತೇವೆ. ನೀವು ಬರುವವರೆಗೆ ಕೂತಿರಲು ಬಿಡಿ.

ಇನ್ನೊಂದು ಸಂಗತಿ. ನಮ್ಮಲ್ಲಿ ಕಾಯ್ದೆಯ ನೋಟೀಸು ಇರುವುದು ಮಲಯಾಳದಲ್ಲಿ ಮಾತ್ರ. ಪೆರ್ಲ, ಪೈವಳಿಕೆ ಕಡೆಯಿಂದ ಬರುವ ಹುಡುಗಿಯರು ಕನ್ನಡ ಶಾಲೆಯಲ್ಲಿ ಕಲಿತವರು. ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಓದಲು ತಡವರಿಸುತ್ತಾರೆ. ಇಂಥ ಹಕ್ಕು ಇದೆ ಎಂದೇ ಎಷ್ಟೋ ಜನರಿಗೆ ಗೊತ್ತಿಲ್ಲ. ಇದು ಕನ್ನಡಿಗ ಅಲ್ಪಸಂಖ್ಯಾತರ ಪ್ರದೇಶ ಎಂದು ಸರ್ಕಾರವೇ ಒಪ್ಪಿರುವಾಗ ಒಂದು ಹಾಳೆ ಕನ್ನಡದಲ್ಲಿ ಅಚ್ಚು ಮಾಡಿಸುವುದು ದೊಡ್ಡ ಖರ್ಚೇನಲ್ಲ.

ಧಣಿಗಳಲ್ಲಿ ಕೇಳುವುದು ಇಷ್ಟೇ. ಸ್ಟೂಲನ್ನು ಟ್ರಯಲ್ ರೂಮಿನ ಹಿಂದಿನಿಂದ ತೆಗೆದು ಕೌಂಟರಿನ ಹಿಂದೆ ಇಡಿ. ಇಬ್ಬರಿಗೊಂದಾದರೂ ಇರಲಿ, ಸರದಿಯಲ್ಲಿ ಕೂರುತ್ತೇವೆ. ಹೆಂಗಸರ ಟಾಯ್ಲೆಟ್ ನಾವಿರುವ ಮಹಡಿಯಲ್ಲೇ ಮಾಡಿಸಿ. ಇದಿಲ್ಲದೆ ಯೋಗ, ಕ್ಯಾಂಪು ಎಲ್ಲ ಊಟಕ್ಕಿಲ್ಲದ ಉಪ್ಪಿನಕಾಯಿ.

ಲೇಬರ್ ಆಫೀಸಿನವರಲ್ಲೂ ಒಂದು ವಿನಂತಿ. ತಪಾಸಣೆಗೆ ಬರುವುದಾದರೆ ಓಣಂ ಸೀಸನ್‌ನಲ್ಲಿ ಬನ್ನಿ, ಸಂಜೆ ಆರರ ಮೇಲೆ, ಹೇಳದೆ ಬನ್ನಿ. ಸ್ಟೂಲು ಇದೆಯಾ ಅಂತ ಮ್ಯಾನೇಜರನ್ನು ಕೇಳಬೇಡಿ, ಇದೆ ಅಂತಲೇ ಹೇಳುತ್ತಾರೆ. ಅದರ ಮೇಲೆ ಏನಿಟ್ಟಿದ್ದಾರೆ ನೋಡಿ.

ಇತಿ,
ಒಬ್ಬ ಸೇಲ್ಸ್ ಕೆಲಸದವಳು
ಬದಿಯಡ್ಕ