ಮೂಡು ಬದಿಯಲ್ಲಿ ನೆಡು, ಮಗಳೇ

ಶಂಕರಪುರ, ಉಡುಪಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಸುರತ್ಕಲ್ಲಿನ ನಿಮ್ಮ ಹೊಸ ಮನೆಯ ಅಂಗಳದಲ್ಲಿ ‘ಬ್ಲೂ ಮೂನ್’ ಗುಲಾಬಿಯನ್ನು ಬೆಳೆಸಬಹುದೇ, ಅಥವಾ ಕಡಲ ಬದಿಯಲ್ಲಿ ಅಂಥ ಆಸೆಯನ್ನೇ ಇಟ್ಟುಕೊಳ್ಳಬಾರದೇ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಖಂಡಿತವಾಗಿ ಬೆಳೆಸಬಹುದು. ಆದರೆ ಗಿಡ ಕೊಳ್ಳುವ ಮೊದಲೇ ಅದನ್ನು ಮನೆಯ ಯಾವ ಬದಿಯಲ್ಲಿ ನೆಡುವುದೆಂದು ನಿಶ್ಚಯಿಸಬೇಕು. ಗೊಬ್ಬರ, ಮದ್ದು, ಸವರುವಿಕೆ ಎಲ್ಲವೂ ಅದರ ನಂತರದ ಮಾತು.

ಹೆಸರಿನಲ್ಲಿ ನೀಲಿ ಇದ್ದರೂ ಆ ಹೂವಿನ ಬಣ್ಣ ನೀಲಿಯಲ್ಲ, ಬೆಳ್ಳಿಯ ಛಾಯೆ ಬೆರೆತ ತಿಳಿ ನೇರಳೆ. ಅಮೆರಿಕದ ಗ್ಲಾಡಿಸ್ ಫಿಶರ್ ಎಂಬ ಮಹಿಳೆ 1957ರಲ್ಲಿ ಹೊರತಂದ ‘ಸ್ಟರ್ಲಿಂಗ್ ಸಿಲ್ವರ್’ ತಳಿಯ ಸಂತತಿಯಿಂದ ಜರ್ಮನಿಯ ತಾಂತೌ ಅವರು 1964ರಲ್ಲಿ ಇದನ್ನು ರೂಪಿಸಿದರು. ಗುಲಾಬಿಯ ಎಸಳುಗಳಲ್ಲಿ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯ ಸಹಜವಾಗಿ ಹುಟ್ಟುವುದೇ ಇಲ್ಲ. ಬೇಲಿಯ ಶಂಖಪುಷ್ಪಕ್ಕೆ ಅಂಥ ಗಾಢ ನೀಲಿ ದೊರೆತಿರುವುದು ಅದೇ ಗುಂಪಿನ ದ್ರವ್ಯದಿಂದ. ಜಪಾನಿನ ಸಂಟೋರಿ ಸಂಸ್ಥೆಯವರು ಪ್ಯಾನ್ಸಿ ಹೂವಿನ ಜೀನನ್ನು ಗುಲಾಬಿಗೆ ಸೇರಿಸಿ ಡೆಲ್ಫಿನಿಡಿನ್ ಹುಟ್ಟುವಂತೆ ಮಾಡಿದ್ದನ್ನು 2004ರಲ್ಲಿ ಪ್ರಕಟಿಸಿದರು, 2009ರಲ್ಲಿ ಆ ಹೂವನ್ನು ಮಾರಾಟಕ್ಕೂ ತಂದರು. ಅಷ್ಟೆಲ್ಲ ಸಾಧಿಸಿದ ಮೇಲೂ ಅದು ಕಣ್ಣಿಗೆ ಕಾಣುವುದು ನೇರಳೆಯಾಗಿಯೇ. ಆದ್ದರಿಂದ ಮೊಬೈಲಿನಲ್ಲಿ ತೋರಿಸುವ ಅಚ್ಚ ನೀಲಿ ಗುಲಾಬಿಯ ಬೀಜಕ್ಕೆ ಹಣ ಕಳುಹಿಸಬೇಡ. ಮಿಶ್ರತಳಿಯ ಗುಲಾಬಿ ಬೀಜದಿಂದ ತಾಯಿಯ ಹಾಗೆ ಹುಟ್ಟುವುದಿಲ್ಲ. ಕಣ್ಣು ಕಸಿ ಮಾಡಿದ ಗಿಡವನ್ನೇ ತರಬೇಕು, ಅದೂ ಒಂದಾದರೂ ಹೂ ಅರಳಿರುವ ಗಿಡವನ್ನು ಮೂಸಿ ನೋಡಿ ಆರಿಸಬೇಕು. ಬ್ಲೂ ಮೂನ್‌ಗೆ ಲಿಂಬೆಯ ಸುಳಿವಿರುವ ಸಿಹಿಯಾದ, ಗಾಢವಾದ ಪರಿಮಳವಿದೆ. ಹೂದಾನಿಯಲ್ಲಿ ಹೆಚ್ಚು ದಿನ ಬಾಳಲೆಂದೇ ಬೆಳೆಸಿದ ಪೇಟೆಯ ಗುಲಾಬಿಗಳಲ್ಲಿ ಬಹುತೇಕ ಕಳೆದುಹೋಗಿರುವುದು ಇದೇ ಗುಣ.

ಇನ್ನು ಜಾಗದ ವಿಚಾರ. ನಿಮ್ಮ ಮನೆಗೆ ಪಡುವಣದಲ್ಲಿ ಕಡಲಿದೆ. ಮಧ್ಯಾಹ್ನವಾಗುತ್ತಲೇ ಕಾದ ನೆಲದ ಕಡೆಗೆ ಬೀಸತೊಡಗುವ ಕಡಲ ಗಾಳಿ ಉಪ್ಪಿನ ಕಣಗಳನ್ನು ಹೊತ್ತು ತಂದು ಎಳೆಯ ಚಿಗುರಿನ ಅಂಚನ್ನು ಸುಡುತ್ತದೆ. ಇಳಿಹೊತ್ತಿನ ತೀಕ್ಷ್ಣ ಬಿಸಿಲು ಬೀಳುವುದೂ ಅದೇ ದಿಕ್ಕಿನಿಂದ. ತಿಳಿ ನೇರಳೆ ಬಣ್ಣ ಆ ಬಿಸಿಲನ್ನು ತಾಳಲಾರದೆ ಒಂದೇ ದಿನದಲ್ಲಿ ಮಾಸಿ ಬೂದುಬಿಳಿಯಾಗುತ್ತದೆ. ಮಳೆಗಾಲದಲ್ಲಿ ನೈಋತ್ಯದಿಂದ ಗಾಳಿಯೊಡನೆ ಓರೆಯಾಗಿ ಹೊಡೆಯುವ ಮಳೆಯೂ ಪಡು ಮತ್ತು ತೆಂಕು ಗೋಡೆಗಳಿಗೇ ಮೊದಲು ಬಡಿಯುತ್ತದೆ. ಹೀಗಿರುವಾಗ ಮನೆಯ ಮೂಡು ಬದಿಯಲ್ಲಿ ನೆಟ್ಟರೆ ಉಪ್ಪು, ಬಿಸಿಲು, ಇರಿಚಲು ಮೂರಕ್ಕೂ ಮನೆಯೇ ಅಡ್ಡನಿಲ್ಲುತ್ತದೆ, ಮತ್ತು ಗಿಡಕ್ಕೆ ಬೇಕಾದ ಐದಾರು ಗಂಟೆಗಳ ಎಳೆಬಿಸಿಲು ಅಲ್ಲಿಯೇ ಸಿಗುತ್ತದೆ. ಪರಿಮಳಕ್ಕೂ ಅದೇ ಸರಿಯಾದ ಸ್ಥಳ. ಅದು ಎಸಳಿನ ಹೊರಪದರದ ಕೋಶಗಳಿಂದ ಆವಿಯಾಗಿ ಹೊರಡುವಂಥದ್ದು. ಬೆಳಗಿನ ಹದವಾದ ಬಿಸಿಗೆ ಹೊಮ್ಮಿ, ಗಾಳಿ ಇಲ್ಲದ ಕಡೆ ಗಿಡದ ಸುತ್ತಲೇ ತುಂಬಿಕೊಂಡಿರುತ್ತದೆ. ಗೋಡೆಗೆ ತೀರ ಒತ್ತಿ ನೆಡಬೇಡ. ಮಾಡಿನ ನೀರು ಸುರಿಯುವ ಸಾಲಿನಿಂದ ಆಚೆಗಿರಲಿ. ಐದು ಸೆಂಟ್ಸ್ ಜಾಗದಲ್ಲಿ ನೆರೆಮನೆಯ ಗೋಡೆಯೇ ಬೆಳಗಿನ ಬಿಸಿಲನ್ನು ತಡೆಯುವುದಾದರೆ, ತಾರಸಿಯ ಮೆಟ್ಟಿಲುಕೋಣೆಯ ಮೂಡಿಗೆ ದೊಡ್ಡ ಚಟ್ಟಿಯಲ್ಲಿ ಇಡು.

ಮುರಕಲ್ಲಿನ ನೆಲದಲ್ಲಿ ಹೊಂಡ ತೋಡಿ ಗುಲಾಬಿ ನೆಡುವುದು ನಮ್ಮಲ್ಲಿ ಸಾಮಾನ್ಯ, ಆದರೆ ನಾನು ಅದನ್ನು ಒಪ್ಪುವುದಿಲ್ಲ. ಜೂನ್ ತಿಂಗಳಲ್ಲಿ ಆ ಹೊಂಡದಲ್ಲಿ ನೀರು ನಿಂತರೆ ಬೇರಿಗೆ ಉಸಿರಿಲ್ಲದಂತಾಗಿ ಗಿಡ ಕೊಳೆಯುತ್ತದೆ. ನೆಲದ ಮೇಲೆಯೇ ಮುರಕಲ್ಲಿನಿಂದ ಮೊಣಕಾಲೆತ್ತರದ ಕಟ್ಟೆ ಕಟ್ಟಿಸಿ, ಬುಡದಲ್ಲಿ ನೀರು ಹೋಗಲು ಕಿಂಡಿ ಬಿಡಿಸು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹೊಳೆಯ ಹೊಯಿಗೆ (ಮರಳು), ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಜೊತೆಗೆ ಒಂದೆರಡು ಬುಟ್ಟಿ ಸುಡುಮಣ್ಣು ಇದ್ದರೆ ಸಾಕು. ಕಡಲ ಹೊಯಿಗೆ ಮಾತ್ರ ಬೇಡ. ನಮ್ಮ ಮಣ್ಣಿನ ಸುಣ್ಣದಂಶವನ್ನೆಲ್ಲ ಮಳೆ ತೊಳೆದು ಒಯ್ಯುವುದರಿಂದ ಅದು ಹುಳಿಯಾಗಿರುತ್ತದೆ. ಗುಲಾಬಿಗೆ ಹಿತವಾದದ್ದು 6ರಿಂದ 6.5ರಷ್ಟು ರಸಸಾರ. ಮರುವಾಯಿ (ಕಪ್ಪೆಚಿಪ್ಪು) ಸುಟ್ಟ ಸುಣ್ಣವನ್ನು ಒಂದೆರಡು ಮುಷ್ಟಿ ಮಣ್ಣಿಗೆ ಬೆರೆಸಿ, ಎರಡು ವಾರ ಬಿಟ್ಟು ಗೊಬ್ಬರ ಸೇರಿಸು. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ನಮ್ಮಲ್ಲಿ ಎಲ್ಲ ಗಿಡಗಳನ್ನೂ ಮೊದಲ ಮಳೆಗೆ ನೆಡುವುದು ರೂಢಿ. ಗುಲಾಬಿಯನ್ನು ಮಾತ್ರ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರಿನಲ್ಲಿ ನೆಡಬೇಕು. ಘಟ್ಟದ ಮೇಲಿನಿಂದ ಬಂದ ಎಳೆಯ ಗಿಡಕ್ಕೆ ನಮ್ಮ ಜೂನ್ ತಿಂಗಳನ್ನು ಎದುರಿಸುವ ಮೊದಲು ಬೇರೂರಲು ಎಂಟು ತಿಂಗಳಾದರೂ ಸಿಗಲಿ. ಕಸಿಯ ಗಂಟು ಮಣ್ಣಿನ ಮೇಲಿರಬೇಕು. ಅದರ ಕೆಳಗಿನಿಂದ ಏಳುವ ಚಿಗುರು ಕಸಿಗೆ ಬುಡವಾಗಿ ಬಳಸಿದ ಕಾಡುಗುಲಾಬಿಯದ್ದು, ಅದನ್ನು ಬುಡದಿಂದಲೇ ಕಿತ್ತು ತೆಗೆ.

ಮಳೆಗಾಲದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ, ಏಕೆಂದರೆ ಕರಾವಳಿಯ ಗುಲಾಬಿಗಳು ಸಾಯುವುದು ಆಗಲೇ. ಎಲೆಯ ಮೇಲೆ ಕಪ್ಪುಚುಕ್ಕೆ ತರುವ ಶಿಲೀಂಧ್ರದ ಬೀಜಕಣ ಒಳಹೊಕ್ಕಲು ಎಲೆ ಸುಮಾರು ಏಳು ಗಂಟೆಗಳ ಕಾಲ ಒದ್ದೆಯಾಗಿದ್ದರೆ ಸಾಕು. ಆಟಿ ತಿಂಗಳ ಮಳೆಯಲ್ಲಿ ಎಲೆ ಹಗಲಿರುಳು ಒದ್ದೆಯಾಗಿಯೇ ಇರುತ್ತದೆ. ಬ್ಲೂ ಮೂನ್ ಈ ರೋಗಕ್ಕೆ ಬೇಗ ತುತ್ತಾಗುವ ತಳಿ. ಎಲೆಯೆಲ್ಲ ಉದುರಿದ ಮೇಲೆ ಗಿಡ ತನ್ನ ಕೂಡಿಟ್ಟ ಸತ್ವವನ್ನೇ ಉಂಡು ಬದುಕಬೇಕಾಗುತ್ತದೆ, ಕೊಂಬೆಗಳು ತುದಿಯಿಂದ ಕಪ್ಪಾಗಿ ಒಣಗುತ್ತಾ ಬರುತ್ತವೆ. ಆದ್ದರಿಂದ ಮೇ ತಿಂಗಳ ಕೊನೆಯಲ್ಲಿ ನಾಲ್ಕು ಕಂಬ ನೆಟ್ಟು, ಬೆಳಕು ಹಾಯುವ ಪ್ಲಾಸ್ಟಿಕ್ ಹಾಳೆಯನ್ನು ಗಿಡಕ್ಕಿಂತ ಎರಡಡಿ ಎತ್ತರದಲ್ಲಿ ಇಳಿಜಾರಾಗಿ ಕಟ್ಟಿಸು. ಬದಿಗಳು ತೆರೆದೇ ಇರಲಿ. ಮಡಲಿನ ತಟ್ಟಿ ಬೇಡ, ಅದು ಮಳೆಯೊಂದಿಗೆ ಬೆಳಕನ್ನೂ ತಡೆಯುತ್ತದೆ. ಅಡಿಕೆಗೆ ಮದ್ದು ಬಿಡುವವರ ಬಳಿ ಬೋರ್ಡೋ ದ್ರಾವಣ ಸಿಗುತ್ತದೆ; 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಹಾಕಿ ಮಾಡಿದ ಅದೇ ದ್ರಾವಣವನ್ನು ಅರ್ಧಕ್ಕೆ ತೆಳುವಾಗಿಸಿ, ಮಳೆಗೆ ಮೊದಲು ಒಣ ದಿನವೊಂದರಲ್ಲಿ ಸಿಂಪಡಿಸು. ಮಳೆ ಹಿಡಿದ ಮೇಲೆ ಅದನ್ನು ಮತ್ತೆ ಮತ್ತೆ ಬಿಡಬೇಡ, ತಂಪು ತೇವದಲ್ಲಿ ತಾಮ್ರವೇ ಎಲೆಯನ್ನು ಸುಡುತ್ತದೆ. ಚುಕ್ಕೆ ಬಿದ್ದ ಎಲೆಗಳನ್ನು ಆರಿಸಿ ಒಲೆಗೆ ಹಾಕು. ಆ ನಾಲ್ಕು ತಿಂಗಳು ಹೂವನ್ನು ಬಯಸಬೇಡ, ಮೊಗ್ಗು ಕಂಡರೂ ಚಿವುಟಿಬಿಡು. ಗಿಡ ಎಲೆ ಉಳಿಸಿಕೊಂಡು ಹೊರಬಂದರೆ ಅದೇ ದೊಡ್ಡ ಲಾಭ.

ದೀಪಾವಳಿಯ ಆಸುಪಾಸಿನಲ್ಲಿ ಒಣಗಿದ, ಸಣಕಲಾದ ಕೊಂಬೆಗಳನ್ನು ತೆಗೆದು ಉಳಿದವನ್ನು ಹೊರಮುಖದ ಕಣ್ಣಿನ ಮೇಲೆ ಓರೆಯಾಗಿ ಸವರು. ಅರ್ಧಕ್ಕಿಂತ ಹೆಚ್ಚು ಕಡಿಯಬಾರದು. ಕಡಿದ ಬಾಯಿಗೆ ಬೋರ್ಡೋ ಮುಲಾಮು ಹಚ್ಚು. ಸುಮಾರು 45 ದಿನಗಳಲ್ಲಿ ಮೊದಲ ಹೂಗಳು ಬರುತ್ತವೆ, ಎರಡನೆಯ ಸುತ್ತು ಫೆಬ್ರವರಿಯ ಹೊತ್ತಿಗೆ. ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ನಮ್ಮೂರ ಮಲ್ಲಿಗೆಯ ಲೆಕ್ಕದ ನಡುವೆ ಬೆಳೆದ ನಿನಗೆ ಒಂದು ಸುತ್ತಿಗೆ ಏಳೆಂಟು ಗುಲಾಬಿಗಳು ತೀರ ಕಡಿಮೆ ಎನಿಸಬಹುದು. ಆದರೆ ಡಿಸೆಂಬರಿನ ತಂಪಿನಲ್ಲಿ ನಿಧಾನವಾಗಿ ಅರಳುವ ಆ ಹೂವಿನ ಬಣ್ಣ ಮತ್ತು ಕಂಪು ವರ್ಷದ ಬೇರಾವ ತಿಂಗಳಲ್ಲೂ ನಿನಗೆ ಸಿಗದು. ಮಾರ್ಚ್ ನಂತರದ ಹೂಗಳು ಸಣ್ಣವು, ಮಾಸಲು. ಅವುಗಳಿಂದ ತಳಿಯನ್ನು ಅಳೆಯಬೇಡ.

ನೀರಿನ ಬಗ್ಗೆ ಒಂದೇ ಮಾತು: ಕಡಲ ಹತ್ತಿರದ ಬಾವಿಗಳು ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗುವುದುಂಟು, ಗುಲಾಬಿಯ ಬೇರಿಗೆ ಉಪ್ಪು ಆಗದು. ಆಗ ತುಂಬೆ ಅಣೆಕಟ್ಟಿನಿಂದ ಬರುವ ನಳ್ಳಿ ನೀರನ್ನೇ ಬುಡಕ್ಕೆ ಹಾಕಿ, ಮೇಲೆ ತರಗೆಲೆ ಹಾಸು.

ಕೊಡೈಕನಾಲಿನಲ್ಲಿ ವೀರರಾಘವನ್ ದಂಪತಿ ಬಂಗಾಳದ ಹೊಳೆದಂಡೆಗಳಲ್ಲಿ ಬೆಳೆಯುವ ‘ರೋಸಾ ಕ್ಲೈನೋಫಿಲ್ಲಾ’ ಎಂಬ ನಮ್ಮದೇ ಕಾಡುಗುಲಾಬಿಯನ್ನು ಬಳಸಿ, ಸೆಕೆಯನ್ನೂ ನೀರನ್ನೂ ತಾಳಬಲ್ಲ ತಳಿಗಳನ್ನು ರೂಪಿಸುವುದಕ್ಕೆ ಬಹುಕಾಲ ಶ್ರಮಿಸಿದ್ದಾರೆ. ನಮ್ಮ ಕರಾವಳಿಗೆ ನಿಜವಾಗಿ ಒಗ್ಗುವ ಗುಲಾಬಿ ಆ ದಾರಿಯಲ್ಲಿ ದೊರೆಯುತ್ತದೆಂದು ನನಗೆ ಬಲವಾದ ನಂಬಿಕೆಯಿದೆ. ಅಂಥ ಗಿಡ ಸಿಕ್ಕಿದರೆ ಬ್ಲೂ ಮೂನ್‌ನ ಪಕ್ಕದಲ್ಲೇ ಅದಕ್ಕೂ ಜಾಗ ಇಟ್ಟುಕೊಳ್ಳೋಣ.

ಮೂಡು ಬದಿಯಲ್ಲಿ ಬಿಸಿಲು ಎಷ್ಟು ಗಂಟೆಗೆ ಬಂದು ಎಷ್ಟಕ್ಕೆ ಹೋಗುತ್ತದೆಂದು ಒಂದು ದಿನ ಗಮನಿಸಿ ತಿಳಿಸು. ಅದನ್ನು ನೋಡಿಕೊಂಡು ಕಟ್ಟೆಯ ಅಳತೆ ಹೇಳುತ್ತೇನೆ. ಸುಡುಮಣ್ಣು ನೀನು ಹುಡುಕಬೇಕಾಗಿಲ್ಲ, ಬರುವಾಗ ಇಲ್ಲಿಂದಲೇ ಎರಡು ಗೋಣಿ ತರುತ್ತೇನೆ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ಇತಿ,
ನಿನ್ನ ಅಪ್ಪ